ತೂಕದ ಚೀಟಿಗೆ ಕನ್ನಡ ಹೆಸರು: ಸಿ ಪ್ರೋಗ್ರಾಮಿನಿಂದ ಫೈಲಿಗೆ ವೈಡ್ ಅಕ್ಷರ ಬರೆಸಿದ ಕೆಲಸ

ಶಿರಸಿ–ಸಿದ್ದಾಪುರ ರಸ್ತೆ ಬದಿಯ ಒಂದು ಹಳ್ಳಿ ಸೊಸೈಟಿಯಲ್ಲಿ ಅಡಿಕೆ ಚೀಲ ತೂಗಿದ ಕೂಡಲೇ ಒಂದು ಚೀಟಿ ಬರುತ್ತದೆ. ಸದಸ್ಯರ ನಂಬರು, ಹೆಸರು, ಊರು, ಅಡಿಕೆ ಯಾವುದು, ಚೀಲ ಎಷ್ಟು, ತೂಕ ಎಷ್ಟು. ಇದೇ ವಿವರ ದಿನದ ಫೈಲಿಗೂ ಹೋಗುತ್ತದೆ. ತೂಕದ ಯಂತ್ರಕ್ಕೆ ಸೀರಿಯಲ್ ವೈರಿನಲ್ಲಿ ಜೋಡಿಸಿದ ಒಂದು ಹಳೆ ಕಂಪ್ಯೂಟರ್ ಇದೆ, ಅದರಲ್ಲಿ ಲಿನಕ್ಸ್ ಇದೆ, ಮತ್ತು ಈ ಎಲ್ಲ ಕೆಲಸ ಮಾಡುವ ಒಂದು ಸಿ ಪ್ರೋಗ್ರಾಮ್ ಇದೆ. ಅದು ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಮಾತ್ರ ಬರೆಯುತ್ತಿತ್ತು.

ಅದರಿಂದ ಆಗುತ್ತಿದ್ದ ತೊಂದರೆ ಸಣ್ಣದಲ್ಲ. ಒಂದೇ ಊರಿನ ಹೆಸರನ್ನು ಒಬ್ಬರು ಒಂದು ಸ್ಪೆಲ್ಲಿಂಗ್‌ನಲ್ಲಿ ಹೊಡೆದರೆ ಮತ್ತೊಬ್ಬರು ಬೇರೆ ರೀತಿ ಹೊಡೆಯುತ್ತಾರೆ. ಬಿಳೆಗೋಟು, ಕೆಂಪುಗೋಟು, ತಟ್ಟಿಬೆಟ್ಟೆ ಎಂಬ ಅಡಿಕೆ ಬಗೆಗಳನ್ನು ಇಂಗ್ಲಿಷ್‌ನಲ್ಲಿ ಹೇಗೆ ಬರೆಯಬೇಕು ಅನ್ನುವುದಕ್ಕೆ ನಿಯಮವೇ ಇಲ್ಲ. ತಿಂಗಳ ಕೊನೆಗೆ ಲೆಕ್ಕ ಕೂಡಿಸುವಾಗ ಒಂದೇ ಜಾತಿಯ ಅಡಿಕೆ ಎರಡು ಸಾಲಿನಲ್ಲಿ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ವರ್ಷವಿಡೀ ತೋಟದಲ್ಲಿ ದುಡಿದವರಿಗೆ ತಮ್ಮದೇ ಚೀಟಿ ಓದಲು ಇನ್ನೊಬ್ಬರ ಸಹಾಯ ಬೇಕಾಗಬಾರದು. ಈ ಕೆಲಸಕ್ಕೆ ಕೈ ಹಾಕಿದ್ದು ಆ ಕಾರಣಕ್ಕೆ.

ಫಂಕ್ಷನ್‌ಗಳ ಹೆಸರನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆಯುತ್ತೇನೆ. ಸಿ ಗೊತ್ತಿದ್ದವರಿಗೆ ಗುರುತು ಸಿಗುತ್ತದೆ.

ಕೈಗೆ ಸಿಕ್ಕ ಕೋಡ್

ನನಗಿಂತ ಮೊದಲು ಯಾರೋ ಕನ್ನಡಕ್ಕೆ ಅರ್ಧ ಪ್ರಯತ್ನ ಮಾಡಿದ್ದರು. ಹೆಸರುಗಳನ್ನು ಡಬ್ಲ್ಯೂಚಾರ್_ಟಿ ಅರೇಯಲ್ಲಿ, ಅಂದರೆ ಒಂದೊಂದು ಚಿಹ್ನೆಗೂ ಒಂದೊಂದು ದೊಡ್ಡ ಸ್ಥಾನ ಕೊಡುವ 'ವೈಡ್ ಅಕ್ಷರ'ಗಳ ಸಾಲಿನಲ್ಲಿ ಇಟ್ಟು, ಎಫ್‌ರೈಟ್ ಬಳಸಿ ಆ ಅರೇಯನ್ನು ಇದ್ದ ಹಾಗೇ ಫೈಲಿಗೆ ಸುರಿಯುವ ಕೋಡ್ ಅದು. ಫೈಲ್ ತೆರೆದರೆ ಎಡಿಟರ್‌ನಲ್ಲಿ ಏನೂ ಓದಲು ಬರುವುದಿಲ್ಲ.

ಇಂಥ ಕಡೆ ಎಡಿಟರನ್ನು ನಂಬಬಾರದು, ಬೈಟ್ ನೋಡಬೇಕು. ಒಡಿ ಕಮಾಂಡಿಗೆ ಒಂದೊಂದೇ ಬೈಟನ್ನು ಡೆಸಿಮಲ್‌ನಲ್ಲಿ ತೋರಿಸು ಎಂದು ಹೇಳಿದೆ. 'ಶಿರಸಿ'ಯ ಮೊದಲ ಅಕ್ಷರ ಶ ಇರಬೇಕಾದ ಜಾಗದಲ್ಲಿ 182, 12, 0, 0 ಎಂದು ಬಂತು. ಯುನಿಕೋಡ್‌ನಲ್ಲಿ ಶ ಅಕ್ಷರದ ನಂಬರು 3254. 12ನ್ನು 256ರಿಂದ ಗುಣಿಸಿ 182 ಕೂಡಿಸಿದರೆ ಸರಿಯಾಗಿ 3254 ಬರುತ್ತದೆ. ಅಂದರೆ ಮೆಮೊರಿಯಲ್ಲಿ ಇದ್ದ ನಾಲ್ಕು ಬೈಟಿನ ನಂಬರು ಹಾಗೇ ಡಿಸ್ಕಿಗೆ ಇಳಿದಿದೆ.

ಇದರ ತೊಂದರೆ ಓದಲು ಬರದಿರುವುದಷ್ಟೇ ಅಲ್ಲ. ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಡಬ್ಲ್ಯೂಚಾರ್_ಟಿ ನಾಲ್ಕು ಬೈಟ್, ವಿಂಡೋಸಿನಲ್ಲಿ ಎರಡು ಬೈಟ್. ಐದು ಯುನಿಟ್‌ಗಳ, ಅಂದರೆ ಐದು ಯುನಿಕೋಡ್ ನಂಬರುಗಳ 'ಶಿರಸಿ' ಇಲ್ಲಿ 20 ಬೈಟ್ ಆದರೆ ಅಲ್ಲಿ 10 ಬೈಟ್. ಒಂದು ಕಡೆ ಬರೆದ ಫೈಲನ್ನು ಇನ್ನೊಂದು ಕಡೆ ಓದುವ ಮಾತೇ ಇಲ್ಲ. ಅದೇ ಶಬ್ದ ಯುಟಿಎಫ್-8ರಲ್ಲಿ (ಯುನಿಕೋಡ್ ನಂಬರನ್ನು ಬೈಟ್‌ಗಳಾಗಿ ಬರೆಯುವ ಒಂದು ಪದ್ಧತಿ) ಎಲ್ಲಿ ಬರೆದರೂ 15 ಬೈಟ್.

ಒಡಿ ನೋಡುವವರಿಗೆ ಒಂದು ಉಪಯೋಗದ ಗುರುತು ಹೇಳುತ್ತೇನೆ. ಕನ್ನಡದ ಯುನಿಕೋಡ್ ಬ್ಲಾಕ್ 3200ರಿಂದ 3327ರವರೆಗೆ ಇದೆ. ಯುಟಿಎಫ್-8ರಲ್ಲಿ ಇದರ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಅ ಅಂದರೆ 224, 178, 133. ಕ ಅಂದರೆ 224, 178, 149. ವಿರಾಮ ಚಿಹ್ನೆ, ಅಂದರೆ ಅಕ್ಷರದ ಸ್ವರ ತೆಗೆಯುವ ಅರ್ಧಾಕ್ಷರದ ಗುರುತು, 224, 179, 141. ಸಾಲು ತುಂಬ 224 ಕಾಣುತ್ತಿದ್ದರೆ ಕನ್ನಡ ಸರಿಯಾಗಿ ಇಳಿದಿದೆ. 63 ಕಾಣುತ್ತಿದ್ದರೆ ಅದು ಪ್ರಶ್ನಾರ್ಥಕ ಚಿಹ್ನೆ, ಅಕ್ಷರ ದಾರಿಯಲ್ಲೇ ಕಳೆದುಹೋಗಿದೆ.

ವೈಡ್ ಯಾಕೆ ಬೇಕಿತ್ತು

ಹೆಸರನ್ನು ಒಂದು ಕಡೆಯಿಂದ ತಂದು ಇನ್ನೊಂದು ಕಡೆ ಇಡುವುದಷ್ಟೇ ಕೆಲಸವಾಗಿದ್ದರೆ ವೈಡ್ ಅಕ್ಷರ ಬೇಕಾಗಿರಲಿಲ್ಲ. ಸಾದಾ ಚಾರ್ ಅರೇಯಲ್ಲಿ ಯುಟಿಎಫ್-8 ಬೈಟ್‌ಗಳನ್ನು ಇಟ್ಟುಕೊಂಡು ಎಫ್‌ಪುಟ್‌ಎಸ್‌ನಲ್ಲಿ ಬರೆದರೆ ಸಾಕು. ಸುಮ್ನೆ ವೈಡ್ ಹಾಕಿ ಕೆಲಸ ಹೆಚ್ಚಿಸಿಕೊಳ್ಳಬೇಡಿ ಎಂದೇ ನಾನು ಯಾರಿಗಾದರೂ ಹೇಳುತ್ತೇನೆ.

ಆದರೆ ಇಲ್ಲಿ ಹೆಸರನ್ನು ಕತ್ತರಿಸಬೇಕಿತ್ತು. ಚೀಟಿಯ ಕಾಗದ ಅಗಲ ಕಡಿಮೆ. ಮನೆ ಹೆಸರು, ತಂದೆ ಹೆಸರು, ಅಡ್ಡಹೆಸರು ಎಲ್ಲ ಸೇರಿ ಉದ್ದ ಜಾಸ್ತಿ ಆಗುತ್ತದೆ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಮೂರು ಬೈಟಿನ ಅಕ್ಷರದ ನಡುವೆಯೇ ಕತ್ತರಿ ಬೀಳಬಹುದು, ಆಗ ಕೊನೆಯಲ್ಲಿ ಒಡೆದ ಚೌಕ ಕಾಣುತ್ತದೆ. ವೈಡ್ ಅರೇಯಲ್ಲಿ ಆ ಅಪಾಯ ಇಲ್ಲ. ಒಂದು ಸ್ಥಾನಕ್ಕೆ ಒಂದು ಪೂರ್ತಿ ಚಿಹ್ನೆ ಇರುತ್ತದೆ.

ಅಷ್ಟರಿಂದ ಕನ್ನಡಕ್ಕೆ ಸಾಲುವುದಿಲ್ಲ ಅನ್ನುವುದನ್ನೂ ಗಮನಿಸಬೇಕು. 'ಸಿದ್ದಾಪುರ' ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ ಒಂಬತ್ತು ಯುನಿಟ್. ಮೂರಕ್ಕೆ ಕತ್ತರಿಸಿದರೆ 'ಸಿದ' ಉಳಿಯುತ್ತದೆ, ನಾಲ್ಕಕ್ಕೆ ಕತ್ತರಿಸಿದರೆ 'ಸಿದ್' ಉಳಿಯುತ್ತದೆ. ಎರಡೂ ತಪ್ಪು. ಅದಕ್ಕೆ ಒಂದು ಸಣ್ಣ ಫಂಕ್ಷನ್ ಬರೆದೆ. ಕತ್ತರಿಸುವ ಜಾಗದ ಮುಂದಿನ ಯುನಿಟ್ 3262ರಿಂದ 3277ರ ಒಳಗಿದ್ದರೆ, ಅಂದರೆ ಸ್ವರ ಚಿಹ್ನೆ ಅಥವಾ ವಿರಾಮ ಆಗಿದ್ದರೆ, ಅಲ್ಲಿ ಕತ್ತರಿಸಬೇಡ. ಅನುಸ್ವಾರ 3202, ವಿಸರ್ಗ 3203, ದೀರ್ಘ ಚಿಹ್ನೆಗಳಾದ 3285 ಮತ್ತು 3286 ಇದ್ದರೂ ಬೇಡ. 8204 ಮತ್ತು 8205 ಅನ್ನುವ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳ ಮುಂದೆಯೂ ಬೇಡ, ಹಿಂದೆಯೂ ಬೇಡ. ಹಿಂದಿನ ಯುನಿಟ್ ವಿರಾಮ ಆಗಿದ್ದರೂ ಬೇಡ, ಯಾಕೆಂದರೆ ಒತ್ತಕ್ಷರ ಇನ್ನೂ ಬರುವುದಿದೆ. ಹೀಗೆ ಹಿಂದೆ ಹಿಂದೆ ಸರಿದು ಸುರಕ್ಷಿತ ಜಾಗ ಸಿಕ್ಕಿದಲ್ಲಿ ಕತ್ತರಿಸುವುದು. ಬೈಟ್ ಅರೇಯಲ್ಲಿ ಇದನ್ನೇ ಬರೆಯಬಹುದು, ಆದರೆ ಓದಲು ಕಷ್ಟ. ವೈಡ್‌ನಲ್ಲಿ ಹತ್ತು ಹದಿನೈದು ಸಾಲಿನಲ್ಲಿ ಮುಗಿಯಿತು.

ಮೆಮೊರಿಯಲ್ಲಿ ವೈಡ್, ಡಿಸ್ಕಿನಲ್ಲಿ ಯುಟಿಎಫ್-8 ಎಂದು ಅಲ್ಲಿಗೆ ತೀರ್ಮಾನವಾಯಿತು. ನಡುವಿನ ಪರಿವರ್ತನೆ ಮಾಡುವುದು ಸ್ಟ್ರೀಮ್, ಅಂದರೆ ಪ್ರೋಗ್ರಾಮಿನಿಂದ ತೆರೆದ ಫೈಲಿಗೆ ಹೋಗುವ ದಾರಿ. ಸಿ ಭಾಷೆಗೆ ಈ ಫಂಕ್ಷನ್‌ಗಳು ಬಂದದ್ದು 1995ರ ತಿದ್ದುಪಡಿಯಲ್ಲಿ. ಎಫ್‌ಪುಟ್‌ಡಬ್ಲ್ಯೂಸಿ ಒಂದು ಅಕ್ಷರ ಬರೆಯುತ್ತದೆ, ಎಫ್‌ಪುಟ್‌ಡಬ್ಲ್ಯೂಎಸ್ ಒಂದು ಸ್ಟ್ರಿಂಗ್ ಬರೆಯುತ್ತದೆ, ಎಫ್‌ಡಬ್ಲ್ಯೂಪ್ರಿಂಟ್‌ಎಫ್ ಫಾರ್ಮ್ಯಾಟ್ ಮಾಡಿ ಬರೆಯುತ್ತದೆ. ಈ ಮೂರೂ ನಾವು ಕೊಟ್ಟ ವೈಡ್ ಅಕ್ಷರವನ್ನು ಆಗಿನ ಲೊಕೇಲ್ (ಭಾಷೆ ಮತ್ತು ಎನ್‌ಕೋಡಿಂಗ್‌ನ ಸೆಟ್ಟಿಂಗ್) ಹೇಳಿದ ಬೈಟ್‌ಗಳಾಗಿ ಬದಲಿಸುತ್ತವೆ. ಕೆಲಸದ ಅರ್ಧ ಕಷ್ಟ ಈ 'ಲೊಕೇಲ್ ಹೇಳಿದ' ಅನ್ನುವಲ್ಲೇ ಇದೆ.

ಹಗಲಿಗೆ ಸರಿ, ರಾತ್ರಿಗೆ ಪ್ರಶ್ನಾರ್ಥಕ ಚಿಹ್ನೆ

ಸಿ ಪ್ರೋಗ್ರಾಮ್ ಶುರುವಾಗುವಾಗ ಅದರ ಲೊಕೇಲ್ 'ಸಿ' ಎಂದೇ ಇರುತ್ತದೆ. ಕಂಪ್ಯೂಟರಿನಲ್ಲಿ ಯಾವ ಭಾಷೆ ಹಾಕಿದ್ದರೂ ಅಷ್ಟೇ. ಸೆಟ್‌ಲೊಕೇಲ್ ಕರೆಯುವವರೆಗೆ ಅದಕ್ಕೆ ಕನ್ನಡ ಗೊತ್ತಿಲ್ಲ. ಹಾಗಾಗಿ ಮೇನ್‌ನ ಮೊದಲ ಸಾಲಿನಲ್ಲೇ ಎಲ್‌ಸಿ_ಸಿಟೈಪ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟು ಸೆಟ್‌ಲೊಕೇಲ್ ಕರೆದೆ. ಖಾಲಿ ಸ್ಟ್ರಿಂಗ್ ಅಂದರೆ ಪ್ರೋಗ್ರಾಮ್ ಓಡುವ ಪರಿಸರದಲ್ಲಿ (ಎನ್ವಿರಾನ್‌ಮೆಂಟ್) ಏನಿದೆಯೋ ಅದನ್ನು ತೆಗೆದುಕೊ ಎಂದರ್ಥ. ಎಲ್‌ಸಿ_ಆಲ್ ಬದಲು ಎಲ್‌ಸಿ_ಸಿಟೈಪ್ ಮಾತ್ರ ಹಾಕಿದ್ದಕ್ಕೆ ಕಾರಣ ಇದೆ. ಎಲ್ಲವನ್ನೂ ಬದಲಿಸಿದರೆ ಸಂಖ್ಯೆಯ ದಶಮಾಂಶ ಬಿಂದುವೂ ಲೊಕೇಲಿನ ಕೈಗೆ ಹೋಗುತ್ತದೆ. ಕೆಲವು ದೇಶಗಳ ಲೊಕೇಲಿನಲ್ಲಿ ಅದು ಕಾಮಾ. ತೂಕದ ವಿಷಯದಲ್ಲಿ ಆ ಅಪಾಯ ಬೇಡ.

ತೂಕದ ಕಟ್ಟೆಯಲ್ಲಿ ಕೂತು ಓಡಿಸಿದಾಗ ಎಲ್ಲ ಸರಿ ಬಂತು. ಪರೀಕ್ಷೆಗೆ ಜಿಲ್ಲೆಯ ತಾಲೂಕುಗಳ ಹೆಸರನ್ನೇ ಬರೆಸಿದ್ದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ. ಒತ್ತಕ್ಷರ, ಅನುಸ್ವಾರ, ದೀರ್ಘ ಎಲ್ಲ ಈ ಹನ್ನೆರಡು ಹೆಸರಿನಲ್ಲೇ ಸಿಗುತ್ತವೆ. ಪರೀಕ್ಷೆಗೆ ಒಳ್ಳೆಯ ಪಟ್ಟಿ.

ಮರುದಿನ ಬೆಳಿಗ್ಗೆ ಗುಮಾಸ್ತರ ಫೋನ್ ಬಂತು. "ತಮಾ, ಇದೆಂತ ಆತು? ಹೆಸರೇ ಇಲ್ಲೆ!"

ರಾತ್ರಿ ತಾನಾಗಿ ತಯಾರಾಗುವ ದಿನದ ಸಾರಾಂಶದ ಫೈಲಿನಲ್ಲಿ ಹೆಸರಿರುವ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಒಡಿ ತೋರಿಸಿದ್ದು 63, 63, 63. ಅದೇ ಪ್ರೋಗ್ರಾಮನ್ನು ಕೈಯಿಂದ ಓಡಿಸಿದರೆ ಕನ್ನಡ ಸರಿಯಾಗಿ ಬರುತ್ತಿತ್ತು.

ವ್ಯತ್ಯಾಸ ಇದ್ದದ್ದು ಓಡಿಸುವವರಲ್ಲಿ. ನಾವು ಟರ್ಮಿನಲ್ ತೆರೆದಾಗ ಲ್ಯಾಂಗ್ ಅನ್ನುವ ಪರಿಸರದ ಬೆಲೆ ತುಂಬಿರುತ್ತದೆ. ನಿಗದಿತ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್ ಓಡಿಸುವಾಗ ಅದು ಇಲ್ಲದೆ ಹೋಗಬಹುದು. ಈ ಯಂತ್ರದಲ್ಲಿ ಹಾಗೇ ಆಗಿತ್ತು. ಬೆಲೆ ಇಲ್ಲದಿದ್ದರೆ ಖಾಲಿ ಸ್ಟ್ರಿಂಗಿನ ಸೆಟ್‌ಲೊಕೇಲ್ ಮತ್ತೆ 'ಸಿ' ಲೊಕೇಲನ್ನೇ ಹಿಡಿಯುತ್ತದೆ, ಮತ್ತು ಕರೆ ಯಶಸ್ವಿಯಾಯಿತು ಎಂದೇ ಹೇಳುತ್ತದೆ. 'ಸಿ' ಲೊಕೇಲಿನಲ್ಲಿ 3254ಕ್ಕೆ ಬೈಟ್ ಇಲ್ಲ. ಜಿಲಿಬ್‌ಸಿ ಅದರ ಬದಲು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಹೋಗಿತ್ತು. ಸಿ ಸ್ಟ್ಯಾಂಡರ್ಡ್ ಪ್ರಕಾರ ಪರಿವರ್ತನೆ ಆಗದ ಅಕ್ಷರ ಬಂದರೆ ಎಫ್‌ಪುಟ್‌ಡಬ್ಲ್ಯೂಸಿ ಡಬ್ಲ್ಯೂಇಒಎಫ್ ಎಂಬ ಎರರ್ ಉತ್ತರ ಕೊಟ್ಟು, ಎರ್‌ನೋದಲ್ಲಿ ಇಐಎಲ್‌ಸೀಕ್ ಇಡಬೇಕು. ಹಾಗೆ ನಿಂತುಬಿಟ್ಟಿದ್ದರೆ ರಾತ್ರಿಯೇ ಗೊತ್ತಾಗುತ್ತಿತ್ತು. ನನ್ನ ಮಟ್ಟಿಗೆ ಕೆಲಸ ನಿಲ್ಲಿಸುವ ಎರರ್ ಒಳ್ಳೆಯದು, ಹೆಸರು ಅಳಿಸಿ ಮುಂದೆ ಹೋಗುವುದು ಕೆಟ್ಟದ್ದು.

ಹಾಗಾಗಿ ಪರಿಸರವನ್ನು ನಂಬುವುದು ಬಿಟ್ಟೆ. ಪ್ರೋಗ್ರಾಮ್ ಈಗ ಮೊದಲು ಕೆಎನ್_ಐಎನ್.ಯುಟಿಎಫ್-8 ಎಂಬ ಕನ್ನಡದ ಲೊಕೇಲ್ ಕೇಳುತ್ತದೆ. ಸೆಟ್‌ಲೊಕೇಲ್ ನಲ್ ಕೊಟ್ಟರೆ, ಅಂದರೆ ಆ ಲೊಕೇಲ್ ಆ ಯಂತ್ರದಲ್ಲಿ ತಯಾರಾಗಿಲ್ಲದಿದ್ದರೆ, ಸಿ.ಯುಟಿಎಫ್-8 ಕೇಳುತ್ತದೆ. ಜಿಲಿಬ್‌ಸಿಯಲ್ಲೇ ಇದು 2022ರ 2.35 ಆವೃತ್ತಿಯಿಂದ ಸೇರಿದೆ, ಡೆಬಿಯನ್‌ನಲ್ಲಿ ಅದಕ್ಕಿಂತ ಮೊದಲೇ ಇತ್ತು. ಅದಾದ ಮೇಲೆ ಎನ್‌ಎಲ್_ಲ್ಯಾಂಗ್‌ಇನ್ಫೋಗೆ ಕೋಡ್‌ಸೆಟ್ ಯಾವುದು ಎಂದು ಕೇಳಿ, ಉತ್ತರ ಯುಟಿಎಫ್-8 ಅಲ್ಲದಿದ್ದರೆ ಫೈಲ್ ತೆರೆಯುವ ಮೊದಲೇ ನಿಲ್ಲುತ್ತದೆ. ಕನ್ನಡದ ಲೊಕೇಲ್ ಇಲ್ಲದ ಯಂತ್ರದಲ್ಲಿ ಲೊಕೇಲ್-ಜೆನ್ ಓಡಿಸಿ ಅದನ್ನು ತಯಾರಿಸಬೇಕು. ಏನೇನಿದೆ ಎಂದು ನೋಡಲು 'ಲೊಕೇಲ್ -ಎ' ಸಾಕು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಜಿಲಿಬ್‌ಸಿಯಲ್ಲಿ ಒಂದು ಸ್ಟ್ರೀಮ್ ವೈಡ್ ಆದ ಗಳಿಗೆಯಲ್ಲಿ ಇದ್ದ ಲೊಕೇಲ್ ಆ ಸ್ಟ್ರೀಮಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಸೆಟ್‌ಲೊಕೇಲ್ ಮಾಡಿದರೆ ಹಳೆ ಸ್ಟ್ರೀಮ್ ಬದಲಾಗುವುದಿಲ್ಲ. ಒಂದು ಲಾಗ್ ಫೈಲಿಗೆ ಮೊದಲೇ ಒಂದು ವೈಡ್ ಸಾಲು ಬರೆದು, ನಂತರ ಲೊಕೇಲ್ ಹಾಕಿದರೆ ಆ ಲಾಗಿನಲ್ಲಿ ಕೊನೆಯವರೆಗೂ 63 ಮಾತ್ರ. ಲೊಕೇಲ್ ಮೊದಲು, ಫೈಲ್ ಆಮೇಲೆ. ಈ ಕ್ರಮ ತಪ್ಪಬಾರದು.

ತೂಕ ಬಂತು, ಹೆಸರು ಬರಲಿಲ್ಲ

ತೂಕದ ಯಂತ್ರ ಕಳಿಸುವುದು ಸಾದಾ ಬೈಟ್. '48.250' ಎಂಬ ಹಾಗೆ. ಹಳೆ ಕೋಡ್ ಅದನ್ನು ಎಫ್‌ಪ್ರಿಂಟ್‌ಎಫ್‌ನಲ್ಲಿ ಬರೆಯುತ್ತಿತ್ತು. ಹೆಸರು ಬರೆಯುವಲ್ಲಿ ಮಾತ್ರ ಎಫ್‌ಪುಟ್‌ಡಬ್ಲ್ಯೂಎಸ್ ಸೇರಿಸಿದಾಗ ಫೈಲಿನಲ್ಲಿ ತಾರೀಖು ಬಂತು, ತೂಕ ಬಂತು, ಹೆಸರು ಬರಲೇ ಇಲ್ಲ. ಈ ಸಲ ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಖಾಲಿ.

ಸಿ ಭಾಷೆಯ ಸ್ಟ್ರೀಮ್ ನಮ್ಮ ಕಡೆಯ ಹಳ್ಳದ ಸಂಕದ ಹಾಗೆ, ಒಂದು ಸಲಕ್ಕೆ ಒಂದೇ ಬಗೆಯ ಓಡಾಟ. ತೆರೆದಾಗ ಅದಕ್ಕೆ ಯಾವ ದಿಕ್ಕೂ ಇರುವುದಿಲ್ಲ. ಮೊದಲು ಬೈಟ್ ಫಂಕ್ಷನ್ ಕರೆದರೆ ಅದು ಬೈಟ್ ಸ್ಟ್ರೀಮ್ ಆಗುತ್ತದೆ, ಮೊದಲು ವೈಡ್ ಫಂಕ್ಷನ್ ಕರೆದರೆ ವೈಡ್ ಸ್ಟ್ರೀಮ್ ಆಗುತ್ತದೆ. ಆಮೇಲೆ ಬದಲಿಸಲು ಬರುವುದಿಲ್ಲ. ಫೈಲ್ ಮುಚ್ಚಬೇಕು, ಇಲ್ಲವೇ ಎಫ್‌ರೀಓಪನ್ ಮಾಡಬೇಕು. ಬೈಟ್ ಆಗಿಹೋದ ಸ್ಟ್ರೀಮಿಗೆ ಎಫ್‌ಪುಟ್‌ಡಬ್ಲ್ಯೂಎಸ್ ಕರೆದರೆ ಜಿಲಿಬ್‌ಸಿಯಲ್ಲಿ ಅದು -1 ಕೊಟ್ಟು ಸುಮ್ಮನಾಗುತ್ತದೆ. ಆ -1ನ್ನು ನೋಡುವವರು ಯಾರೂ ಇರಲಿಲ್ಲ.

ಅನುಮಾನ ಬಂದ ಕಡೆ ಎಫ್‌ವೈಡ್‌ಗೆ ಸ್ಟ್ರೀಮ್ ಮತ್ತು ಸೊನ್ನೆ ಕೊಟ್ಟು ಕೇಳಬಹುದು. ಸೊನ್ನೆ ಕೊಟ್ಟರೆ ಅದು ಏನನ್ನೂ ಬದಲಿಸುವುದಿಲ್ಲ, ಉತ್ತರ ಮಾತ್ರ ಹೇಳುತ್ತದೆ. ಸೊನ್ನೆಗಿಂತ ಕಡಿಮೆ ಬಂದರೆ ಬೈಟ್, ಜಾಸ್ತಿ ಬಂದರೆ ವೈಡ್, ಸೊನ್ನೆಯೇ ಬಂದರೆ ಇನ್ನೂ ತೀರ್ಮಾನವಾಗಿಲ್ಲ. ಇಲ್ಲಿ ಕಡಿಮೆ ಬಂತು. ಕಾರಣ ಸ್ಪಷ್ಟ ಆಯಿತು.

ಪರಿಹಾರಕ್ಕೆ ಎರಡು ದಾರಿ ಇದ್ದವು. ಸ್ಟ್ರೀಮನ್ನು ಬೈಟ್ ಆಗಿಯೇ ಬಿಟ್ಟು, ಎಫ್‌ಪ್ರಿಂಟ್‌ಎಫ್‌ನಲ್ಲಿ %ಎಲ್‌ಎಸ್ ಹಾಕಿ ವೈಡ್ ಹೆಸರನ್ನು ಕೊಡುವುದು ಒಂದು. ಅದು ಕೆಲಸ ಮಾಡುತ್ತದೆ, ಪರಿವರ್ತನೆಯೂ ಆಗುತ್ತದೆ. ಇನ್ನೊಂದು, ಇಡೀ ಫೈಲನ್ನು ವೈಡ್ ಮಾಡಿ, ಬೈಟಿನ ತೂಕವನ್ನು ಎಫ್‌ಡಬ್ಲ್ಯೂಪ್ರಿಂಟ್‌ಎಫ್‌ನಲ್ಲಿ %ಎಸ್ ಹಾಕಿ ಬರೆಯುವುದು. ಲಿನಕ್ಸಿನಲ್ಲಿ ವೈಡ್ ಪ್ರಿಂಟ್‌ನ ಒಳಗೂ %ಎಸ್ ಅಂದರೆ ಸಾದಾ ಸ್ಟ್ರಿಂಗ್, %ಎಲ್‌ಎಸ್ ಅಂದರೆ ವೈಡ್ ಸ್ಟ್ರಿಂಗ್. ನಾನು ಎರಡನೆಯದನ್ನು ಆರಿಸಿದೆ. ಮೊದಲನೆಯದರಲ್ಲಿ %ಎಲ್‌ಎಸ್‌ಗೆ ಅಗಲ ಮತ್ತು ಮಿತಿ ಹಾಕಿದರೆ ಲೆಕ್ಕ ಬೈಟಿನಲ್ಲಿ ನಡೆಯುತ್ತದೆ. ಎರಡನೆಯದರಲ್ಲಿ ಲೆಕ್ಕ ವೈಡ್ ಅಕ್ಷರದಲ್ಲಿ ನಡೆಯುತ್ತದೆ. ನಮ್ಮ ಕತ್ತರಿಸುವ ಫಂಕ್ಷನ್ನಿನ ಲೆಕ್ಕಕ್ಕೆ ಅದು ಹೊಂದುತ್ತದೆ.

ಫೈಲ್ ತೆರೆಯುವ ಕೆಲಸಕ್ಕೆ ಒಂದೇ ಫಂಕ್ಷನ್ ಮಾಡಿದೆ. ಅದು ಫೈಲ್ ತೆರೆದ ಕೂಡಲೇ ಎಫ್‌ವೈಡ್‌ಗೆ 1 ಕೊಟ್ಟು ಸ್ಟ್ರೀಮನ್ನು ವೈಡ್ ಮಾಡಿ, ಆಗಿದೆಯೋ ಇಲ್ಲವೋ ನೋಡಿ, ಆಮೇಲೆ ಹಿಂತಿರುಗಿಸುತ್ತದೆ. ಬೇರೆ ಕಡೆ ಎಲ್ಲೂ ಎಫ್‌ಓಪನ್ ಇಲ್ಲ. ಪರದೆಗೂ ಇದೇ ನಿಯಮ. ಪ್ರಿಂಟ್‌ಎಫ್ ಮತ್ತು ಡಬ್ಲ್ಯೂಪ್ರಿಂಟ್‌ಎಫ್ ಎರಡನ್ನೂ ಒಂದೇ ಪ್ರೋಗ್ರಾಮಿನಲ್ಲಿ ಕಲೆಸಿದರೆ ಮೊದಲು ಬಂದದ್ದು ಮಾತ್ರ ಕಾಣುತ್ತದೆ.

ಎಸ್‌ಡಬ್ಲ್ಯೂಪ್ರಿಂಟ್‌ಎಫ್ ಬಗ್ಗೆ ಒಂದು ಮಾತು. ಎಸ್‌ಎನ್‌ಪ್ರಿಂಟ್‌ಎಫ್ ಜಾಗ ಸಾಲದಿದ್ದರೆ ಎಷ್ಟು ಬೇಕಿತ್ತು ಎಂದು ಹೇಳುತ್ತದೆ. ಎಸ್‌ಡಬ್ಲ್ಯೂಪ್ರಿಂಟ್‌ಎಫ್ ಹಾಗಲ್ಲ, ಜಾಗ ಸಾಲದಿದ್ದರೆ ಋಣ ಸಂಖ್ಯೆ ಕೊಡುತ್ತದೆ, ಅಷ್ಟೇ. ಹಳೆ ಕೋಡಿನಲ್ಲಿ ಉದ್ದ ಅಳೆದು ಬಫರ್ ದೊಡ್ಡದು ಮಾಡುವ ಕಡೆಗಳನ್ನು ಕಣ್ಣಿಟ್ಟು ಹುಡುಕಿ ಬದಲಿಸಬೇಕಾಯಿತು.

ಕಾಲಂ ನೆಟ್ಟಗೆ ನಿಲ್ಲಲಿಲ್ಲ

ಚೀಟಿಯಲ್ಲಿ ಸ್ಪೇಸ್ ತುಂಬಿಸಿ ಕಾಲಂ ಮಾಡುವುದು ಹಳೆ ಪದ್ಧತಿ. ಕನ್ನಡಕ್ಕೆ ಅದು ಆಗುವುದಿಲ್ಲ. 'ಚಾಲಿ' ನಾಲ್ಕು ಯುನಿಟ್, ಕಣ್ಣಿಗೆ ಎರಡು ಅಕ್ಷರ. 'ಬೆಟ್ಟೆ' ಆರು ಯುನಿಟ್, ಕಣ್ಣಿಗೆ ಎರಡೇ ಅಕ್ಷರ. ಎರಡಕ್ಕೂ ಹತ್ತರ ಅಗಲ ಕೊಟ್ಟರೆ ಒಂದಕ್ಕೆ ಆರು ಸ್ಪೇಸ್, ಇನ್ನೊಂದಕ್ಕೆ ನಾಲ್ಕು. ಸಾಲು ಓರೆಯಾಗುತ್ತದೆ. ಜೊತೆಗೆ ಕನ್ನಡ ಅಕ್ಷರಗಳ ಅಗಲ ಫಾಂಟಿನ ಕೈಯಲ್ಲಿದೆ, ಅದನ್ನು ಸಿ ಪ್ರೋಗ್ರಾಮ್ ತಿಳಿಯುವ ದಾರಿ ಇಲ್ಲ. ಹಾಗಾಗಿ ಆ ಹಟ ಬಿಟ್ಟೆ. ಪ್ರೋಗ್ರಾಮ್ ಈಗ ಎಚ್‌ಟಿಎಂಎಲ್ ಟೇಬಲ್ ಬರೆಯುತ್ತದೆ, ಬ್ರೌಸರ್ ಅದನ್ನು ಪ್ರಿಂಟರಿಗೆ ಕಳಿಸುತ್ತದೆ. ಕಾಲಂ ನೆಟ್ಟಗಿದೆ.

ಕೆಲವು ಹಿರಿಯರು ಅಂಕಿಯೂ ಕನ್ನಡದಲ್ಲೇ ಇರಲಿ ಎಂದು ಕೇಳಿದರು. ಅದು ಸುಲಭ. ಕನ್ನಡದ ಸೊನ್ನೆಯ ನಂಬರು 3302. ಒಂದೊಂದು ಅಂಕಿಗೆ 3302 ಕೂಡಿಸಿ ಎಫ್‌ಪುಟ್‌ಡಬ್ಲ್ಯೂಸಿ ಮಾಡಿದರೆ ಮುಗಿಯಿತು. ಚೀಟಿಯಲ್ಲಿ ಹಾಗೇ ಮಾಡಿದೆ. ಲೆಕ್ಕದ ಫೈಲಿನಲ್ಲಿ ಮಾತ್ರ 0ಯಿಂದ 9ರ ಸಾದಾ ಅಂಕಿಯನ್ನೇ ಉಳಿಸಿದೆ. ಐಎಸ್‌ಡಬ್ಲ್ಯೂಡಿಜಿಟ್‌ಗೆ ಸಾದಾ ಹತ್ತು ಅಂಕಿ ಮಾತ್ರ ಅಂಕಿ. ಕನ್ನಡ ಅಂಕಿ ಹಾಕಿದರೆ ಮುಂದೆ ಮೊತ್ತ ಕೂಡಿಸುವಾಗ ತೊಂದರೆ.

ಘಟ್ಟದ ಕೆಳಗಿನ ಆಫೀಸಿಗೆ

ದಿನದ ಫೈಲ್ ಕುಮಟಾದ ಒಂದು ಆಫೀಸಿಗೂ ಹೋಗುತ್ತದೆ. ಅಲ್ಲಿ ವಿಂಡೋಸ್, ಎಕ್ಸೆಲ್. ಸಿಎಸ್‌ವಿ ಫೈಲ್ ತೆರೆದರೆ ಕನ್ನಡದ ಬದಲು ಬೇರೆ ಏನೇನೋ ಚಿಹ್ನೆ ಕಾಣುತ್ತಿತ್ತು. ಫೈಲಿನ ಬೈಟ್ ಸರಿ ಇತ್ತು, ಎಲ್ಲ 224ರ ಸಾಲು. ಆದರೆ ಅದು ಯುಟಿಎಫ್-8 ಎಂದು ಎಕ್ಸೆಲಿಗೆ ಹೇಳುವವರು ಬೇಕು. ಫೈಲಿನ ತಲೆಯಲ್ಲಿ ಬಿಒಎಂ (ಬೈಟ್ ಆರ್ಡರ್ ಮಾರ್ಕ್) ಎಂಬ ಗುರುತು ಇದ್ದರೆ ಅದಕ್ಕೆ ಅರ್ಥವಾಗುತ್ತದೆ. ವೈಡ್ ಸ್ಟ್ರೀಮಿನಲ್ಲಿ ಇದನ್ನು ಬರೆಯುವುದು ಒಂದೇ ಕರೆ. 65279 ಎಂಬ ಅಕ್ಷರವನ್ನು ಎಫ್‌ಪುಟ್‌ಡಬ್ಲ್ಯೂಸಿಗೆ ಕೊಟ್ಟರೆ ಫೈಲಿನಲ್ಲಿ 239, 187, 191 ಇಳಿಯುತ್ತದೆ. ಹೊಸ ಫೈಲ್ ಶುರುವಾದಾಗ ಮಾತ್ರ ಹಾಕಬೇಕು. ಅಪೆಂಡ್ ಮಾಡುವ ಪ್ರತಿ ಸಲವೂ ಹಾಕಿದರೆ ನಡುವೆಯೂ ಕಾಣದ ಗುರುತು ಸೇರಿ ಸದಸ್ಯರ ನಂಬರು ಹೊಂದಿಕೆ ಆಗುವುದಿಲ್ಲ. ಎಚ್‌ಟಿಎಂಎಲ್ ಫೈಲಿಗೆ ಇದು ಬೇಕಾಗಿಲ್ಲ, ಅಲ್ಲಿ ಮೆಟಾ ಟ್ಯಾಗಿನಲ್ಲೇ ಹೇಳಬಹುದು.

ಮುಂದೆ ಆ ಆಫೀಸಿನವರು ಇದೇ ಪ್ರೋಗ್ರಾಮನ್ನು ತಮ್ಮ ವಿಂಡೋಸಿನಲ್ಲೂ ಓಡಿಸಲು ಕೇಳಿದರು. ಅಲ್ಲಿನ ನಡವಳಿಕೆ ಬೇರೆ. ಸಾದಾ ಟೆಕ್ಸ್ಟ್ ಫೈಲಿಗೆ ಎಫ್‌ಪುಟ್‌ಡಬ್ಲ್ಯೂಎಸ್ ಮಾಡಿದರೆ ಅದು ಅಕ್ಷರವನ್ನು ಹಳೆಯ ಕೋಡ್ ಪೇಜಿಗೆ ಬದಲಿಸಲು ನೋಡುತ್ತದೆ. ಕನ್ನಡಕ್ಕೆ ಅಂಥ ಕೋಡ್ ಪೇಜ್ ಇಲ್ಲ. ಹಾಗಾಗಿ ಕನ್ನಡ ಇಳಿಯುವುದಿಲ್ಲ. ಎಫ್‌ಓಪನ್‌ನ ಮೋಡ್‌ನಲ್ಲಿ 'ಸಿಸಿಎಸ್=ಯುಟಿಎಫ್-8' ಎಂದು ಸೇರಿಸಿದರೆ ಅದು ಯುಟಿಎಫ್-8ರಲ್ಲೇ ಬರೆಯುತ್ತದೆ, ಹೊಸ ಫೈಲಿಗೆ ಬಿಒಎಂ ಕೂಡ ತಾನೇ ಹಾಕುತ್ತದೆ. ಅಲ್ಲಿ ನಾವು ಮತ್ತೊಮ್ಮೆ ಹಾಕಬಾರದು. 2018ರ 1803 ಆವೃತ್ತಿಯ ವಿಂಡೋಸ್ 10ರಿಂದ ಸೆಟ್‌ಲೊಕೇಲ್‌ಗೆ '.ಯುಟಿಎಫ್8' ಕೊಡುವ ಅನುಕೂಲವೂ ಇದೆ. ವೈಡ್ ಪ್ರಿಂಟ್‌ನಲ್ಲಿ %ಎಸ್ ಅಲ್ಲಿ ವೈಡ್ ಸ್ಟ್ರಿಂಗ್ ಎಂದಾಗುತ್ತದೆ, ಲಿನಕ್ಸಿಗೆ ಉಲ್ಟಾ. ಅದಕ್ಕೆ ವೈಡ್ ಸ್ಟ್ರಿಂಗಿಗೆ ಯಾವಾಗಲೂ %ಎಲ್‌ಎಸ್ ಎಂದೇ ಬರೆದೆ, ತೂಕವನ್ನು ಮೊದಲೇ ವೈಡ್ ಮಾಡಿಕೊಂಡೆ. ಎರಡೂ ಕಡೆ ಒಂದೇ ಕೋಡ್ ನಡೆಯುತ್ತದೆ.

ಸೋರ್ಸ್ ಫೈಲಿನ ಒಳಗೇ ಕನ್ನಡ ಬರೆದಿದ್ದರೆ ಕಂಪೈಲರಿಗೂ ಅದು ಯುಟಿಎಫ್-8 ಎಂದು ಗೊತ್ತಿರಬೇಕು. ಜಿಸಿಸಿ ಹಾಗೇ ಅಂದುಕೊಳ್ಳುತ್ತದೆ. ಮೈಕ್ರೋಸಾಫ್ಟಿನ ಕಂಪೈಲರಿಗೆ '/ಯುಟಿಎಫ್-8' ಆಯ್ಕೆ ಕೊಡಬೇಕು.

ಮಳೆಗಾಲ ಮತ್ತು ಕರೆಂಟ್

ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗದು, ಅಲ್ವಾ. ಮರ ಬಿದ್ದರೆ ತಂತಿ ಹೋಗುತ್ತದೆ. ಎಫ್‌ಪುಟ್‌ಡಬ್ಲ್ಯೂಎಸ್ ಯಶಸ್ವಿ ಎಂದರೂ ಅಕ್ಷರ ಡಿಸ್ಕಿಗೆ ಹೋಗಿದೆ ಎಂದರ್ಥವಲ್ಲ. ಅದು ಬಫರಿನಲ್ಲಿ ಕೂತಿರುತ್ತದೆ. ಜಿಲಿಬ್‌ಸಿಯಲ್ಲಿ ವೈಡ್‌ನಿಂದ ಬೈಟಿಗೆ ಪರಿವರ್ತನೆಯೂ ಬಫರ್ ಖಾಲಿ ಮಾಡುವಾಗ ಆಗಬಹುದು. ಹಾಗಾಗಿ ಎರರ್ ಕಾಣುವುದು ನಾವು ಬರೆದ ಸಾಲಿನಲ್ಲಿ ಅಲ್ಲ, ಮುಂದೆ ಎಲ್ಲೋ. ಡಿಸ್ಕ್ ತುಂಬಿದ ಎರರ್ ಕೂಡ ಹೀಗೇ.

ಅದಕ್ಕೆ ಒಂದೊಂದು ತೂಕ ಮುಗಿದಾಗಲೂ ಎಫ್‌ಫ್ಲಷ್, ಅದರ ಉತ್ತರ ಪರೀಕ್ಷೆ, ಆಮೇಲೆ ಫೈಲ್‌ನೋ ತೆಗೆದುಕೊಂಡು, ಡಿಸ್ಕಿಗೇ ಇಳಿಸುವ ಎಫ್‌ಸಿಂಕ್. ಇವು ಮೂರೂ ಸರಿಯಾದ ಮೇಲೆ ಮಾತ್ರ ಚೀಟಿ ಪ್ರಿಂಟ್ ಆಗುತ್ತದೆ. ಇದರಿಂದ ಚೀಟಿ ಬರುವುದು ಸ್ವಲ್ಪ ತಡ. ಆದರೆ ರೈತರ ಕೈಯಲ್ಲಿ ಚೀಟಿ ಇದೆ, ಫೈಲಿನಲ್ಲಿ ಸಾಲಿಲ್ಲ ಅನ್ನುವ ಪರಿಸ್ಥಿತಿ ಬರಬಾರದು. ಎಫ್‌ಕ್ಲೋಸ್‌ನ ಉತ್ತರವನ್ನೂ ನೋಡುತ್ತೇನೆ.

ತಿದ್ದುಪಡಿಯ ವಿಷಯವೂ ಇದೆ. ಬರೆದ ಸಾಲಿನ ನಡುವೆ ಎಫ್‌ಸೀಕ್ ಮಾಡಿ ಹೆಸರು ತಿದ್ದುವುದು ವೈಡ್ ಸ್ಟ್ರೀಮಿನಲ್ಲಿ ಬೇಡ. ನಡುವೆ ಬರೆದರೆ ಪಕ್ಕದ ಅಕ್ಷರದ ಅರ್ಧ ಬೈಟ್‌ಗಳ ಮೇಲೆ ಬೀಳಬಹುದು. ಬರೆದ ಜಾಗದ ಮುಂದೆ ಏನಿರುತ್ತದೆ ಎಂದು ಸ್ಟ್ಯಾಂಡರ್ಡೇ ಭರವಸೆ ಕೊಡುವುದಿಲ್ಲ. ಹೊಸ ಫೈಲ್ ಪೂರ್ತಿ ಬರೆದು, ಎಫ್‌ಸಿಂಕ್ ಮಾಡಿ, ರೀನೇಮ್‌ನಿಂದ ಹಳೆಯದರ ಜಾಗಕ್ಕೆ ತರುವುದೇ ಸರಿ. ಲಿನಕ್ಸಿನಲ್ಲಿ ರೀನೇಮ್ ಒಂದೇ ಏಟಿಗೆ ಆಗುತ್ತದೆ. ಓದುವವರಿಗೆ ಹಳೆ ಫೈಲ್ ಸಿಗುತ್ತದೆ, ಇಲ್ಲವೇ ಹೊಸ ಫೈಲ್ ಸಿಗುತ್ತದೆ, ಅರ್ಧದ್ದು ಸಿಗುವುದಿಲ್ಲ.

ಹಳೆಯ ಸದಸ್ಯರ ಪಟ್ಟಿ

ಸೊಸೈಟಿಯ ಹಳೆ ಪಟ್ಟಿ ನುಡಿ ಫಾಂಟಿನ ಹಳೆ ಎನ್‌ಕೋಡಿಂಗ್‌ನಲ್ಲಿ ಇದೆ. ಅದರಲ್ಲಿ ಇರುವುದು ಕನ್ನಡದ ನಂಬರುಗಳಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಂಡುಗಳು. ಒಂದು ಅಕ್ಷರ ಎರಡು ಮೂರು ಬೈಟಿನ ತುಂಡಾಗಿರಬಹುದು. ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಇರುತ್ತದೆ. ಯುನಿಕೋಡ್‌ನಲ್ಲಿ ಅದು ಮೊದಲು ಬರಬೇಕು. ಪರಿವರ್ತನೆಯ ಪ್ರೋಗ್ರಾಮ್ ಒಂದು ಸ್ಟ್ರೀಮಿನಿಂದ ಬೈಟ್ ಓದಿ, ಉದ್ದದ ತುಂಡುಗಳನ್ನು ಮೊದಲು ಹೊಂದಿಸಿ, ರ ಮತ್ತು ವಿರಾಮವನ್ನು ಹಿಂದಕ್ಕೆ ಸರಿಸಿ, ಇನ್ನೊಂದು ವೈಡ್ ಸ್ಟ್ರೀಮಿಗೆ ಬರೆಯುತ್ತದೆ. ಎರಡು ಬೇರೆ ಬೇರೆ ಸ್ಟ್ರೀಮ್ ಆದ್ದರಿಂದ ಬೈಟ್ ಮತ್ತು ವೈಡ್ ಜಗಳ ಇಲ್ಲಿ ಇಲ್ಲ.

ಇದರ ಫಲಿತಾಂಶವನ್ನು ಯಂತ್ರದ ಮೇಲೆ ಬಿಡಲು ನನಗೆ ಮನಸ್ಸಿಲ್ಲ. ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ತೂಕದ ಕಟ್ಟೆಯ ಹತ್ತಿರ ಇಟ್ಟಿದ್ದೇವೆ. ಅಡಿಕೆ ತಂದವರು ತಮ್ಮ ಹೆಸರು ಓದಿ, ಸರಿ ಇದ್ದರೆ ಸಹಿ ಹಾಕುತ್ತಾರೆ, ತಪ್ಪಿದ್ದರೆ ಪಕ್ಕದಲ್ಲಿ ಬರೆಯುತ್ತಾರೆ. ಗುಮಾಸ್ತರು ಆ ತಿದ್ದುಪಡಿಯನ್ನು ಹೊಸ ಪಟ್ಟಿಗೇ ಸೇರಿಸುತ್ತಾರೆ. ಸಹಿ ಬಿದ್ದ ಹೆಸರುಗಳ ಮೇಲೆ ಪರಿವರ್ತನೆಯ ಪ್ರೋಗ್ರಾಮನ್ನು ಮತ್ತೆ ಓಡಿಸುವುದಿಲ್ಲ.